ಬೀದಿಯಂಚಿನ ಕೈತೋಟ

ಮನೆಯೊಡೆಯನಾದವನಿಗೆ ತನ್ನದೆಂದು ಹೇಳಿಕೊಳ್ಳುವ ನೆಲ ಎಷ್ಟೇ ಇರಲಿ, ತನ್ನದಲ್ಲದಿದ್ದರೂ ತನ್ನದೆಂದೇ ಭಾವಿಸುವ ನೆಲವೂ ಸ್ವಲ್ಪ ಇದ್ದೇ ಇರುತ್ತದೆ. ಕಾಂಪೌಂಡು ಗೋಡೆಗೂ ಗಾಡಿ ಓಡಾಡುವ ರಸ್ತೆಗೂ ನಡುವಣ ನಾಲ್ಕಾರು ಅಡಿಯ ಪಟ್ಟಿಯೇ ಆ ನೆಲ. ಕಾಗದಪತ್ರಗಳಲ್ಲಿ ಅದು ಸಾರ್ವಜನಿಕ ಬೀದಿ. ಆದರೆ ಬೆಳಗಾಗೆದ್ದು ಅದನ್ನು ಗುಡಿಸುವವರು ಮನೆಯವರೇ. ನೀರು ಚಿಮುಕಿಸಿ ರಂಗೋಲಿಯಿಡುವವರು ಮನೆಯವರೇ. ಮದುವೆ ಮುಂಜಿಗಳಾದರೆ ಚಪ್ಪರದ ಕಂಬಗಳು ಅಲ್ಲಿಯೇ ನಿಲ್ಲುತ್ತವೆ; ದೀಪಾವಳಿಯ ರಾತ್ರಿ ಹಣತೆಗಳ ಸಾಲು ಅಲ್ಲಿಯವರೆಗೂ ಹಬ್ಬುತ್ತದೆ. ಬೀದಿಯಲ್ಲಿ ರಂಗೋಲಿಯಿಟ್ಟದ್ದಕ್ಕಾಗಿ ಯಾರ ಮೇಲಾದರೂ ಮೊಕದ್ದಮೆ ಹೂಡಿದ್ದನ್ನು ನಾವು ಕೇಳಿಲ್ಲ. ಹೀಗಿರುವಾಗ ರಂಗೋಲಿಯ ಪಕ್ಕದಲ್ಲಿ ಒಂದು ತುಳಸಿಯ ಗಿಡ ನೆಟ್ಟರೆ ತಪ್ಪೇನೆಂದು ಯಾರಿಗಾದರೂ ತೋರುವುದು ಸಹಜ. ನಮಗೂ ಹಾಗೆಯೇ ತೋರಿತು. ಆ ತುಳಸಿಯಿಂದ ಹೊರಟು ನಾವು ಎಲ್ಲಿಯವರೆಗೆ ಹೋದೆವು, ಎಲ್ಲಿಂದ ಹಿಂದಿರುಗಬೇಕಾಯಿತು ಎಂಬುದನ್ನು ಇಲ್ಲಿ ನಿವೇದಿಸಿದರೆ, ಮನೆಯ ಮುಂದೆ ಗಿಡಬಳ್ಳಿಗಳನ್ನು ಬೆಳೆಸಿರುವ ವಾಚಕರಿಗೆ ಪ್ರಯೋಜನವಾದೀತೆಂದು ನಂಬಿದ್ದೇವೆ.

ನಾವು ಇರುವುದು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲೊಂದರಲ್ಲಿ. 1898ರಲ್ಲಿ ಪ್ಲೇಗು ಮಾರಿಯು ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಹೊಕ್ಕು ಜನರನ್ನು ಬಲಿ ತೆಗೆದುಕೊಂಡ ಮೇಲೆ, ಗಾಳಿ ಬೆಳಕುಗಳು ಚೆನ್ನಾಗಿ ಆಡುವ ಬೀದಿಗಳುಳ್ಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಬೀದಿಗಳಿಗೆ ಮರಗಳ ಹೆಸರೇ ಬಂದಿತು. ಮಲ್ಲೇಶ್ವರದ ಸಂಪಿಗೆ ರಸ್ತೆಯೂ, ಬೇವಿನ ಹೆಸರನ್ನು ಹೊತ್ತ ಮಾರ್ಗೋಸಾ ರಸ್ತೆಯೂ ಅದಕ್ಕೆ ಸಾಕ್ಷಿ. 1908ರಲ್ಲಿ ಲಾಲ್‌ಬಾಗಿನ ಆಡಳಿತಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿಯ ಮರದ ಹೂವು ಮುಗಿಯುವ ವೇಳೆಗೆ ಇನ್ನೊಂದು ಜಾತಿ ಅರಳುವಂತೆ ಬೀದಿಗಳಿಗೆ ಮರಗಳನ್ನು ಆಯ್ದು ನೆಡಿಸಿದರು. ಇಂಥ ಊರಿನಲ್ಲಿ ಬೀದಿಯಂಚಿಗೆ ಗಿಡ ನೆಡುವುದೆಂದರೆ ಪುಣ್ಯಕಾರ್ಯವೆಂದೇ ಎಲ್ಲರ ಎಣಿಕೆ.

ನಮ್ಮ ಗೋಡೆಯಿಂದ ರಸ್ತೆಯವರೆಗೆ ಒಟ್ಟು ಒಂಬತ್ತು ಅಡಿ. ಗೋಡೆಗೆ ತಗುಲಿದಂತೆ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳು ಆರು ಅಡಿ. ಇದು ನಡೆಯುವವರ ದಾರಿ. ಚಪ್ಪಡಿಗೂ ರಸ್ತೆಗೂ ನಡುವೆ ಮೂರು ಅಡಿಯ ಮಣ್ಣಿನ ಪಟ್ಟಿ. 2014ಕ್ಕೆ ಮುಂಚೆ ಆ ಮಣ್ಣಿನ ಪಟ್ಟಿ ಇದ್ದ ಅವಸ್ಥೆಯನ್ನು ಬಣ್ಣಿಸದಿರುವುದೇ ಮೇಲು. ಯಾರೋ ಮನೆ ಕೆಡವಿದ ಇಟ್ಟಿಗೆಯ ಚೂರು, ಯಾರೋ ಕತ್ತಲಲ್ಲಿ ತಂದೆಸೆದ ಎಂಜಲಿನ ಚೀಲ, ಅದನ್ನು ಹರಿದು ಎಳೆದಾಡುವ ನಾಯಿಗಳು. ಒಂದು ಭಾನುವಾರ ನಾವೂ ನಮ್ಮ ಮನೆಯವರೂ ಗುದ್ದಲಿ ಬುಟ್ಟಿ ಹಿಡಿದು ಹೊರಟೆವು. ಹನ್ನೆರಡು ಬುಟ್ಟಿ ಕಲ್ಲುಮಣ್ಣು ಹೊರಬಿದ್ದ ಮೇಲೆ ಅಡಿಯಲ್ಲಿ ಕೆಂಪುಮಣ್ಣು ಕಂಡಿತು. ಅದಕ್ಕೆ ಗೊಬ್ಬರ ಸೇರಿಸಿ, ನಂದಿಬಟ್ಟಲು, ದಾಸವಾಳ, ಕನಕಾಂಬರ, ದೊಡ್ಡಪತ್ರೆ, ಒಂದು ಕರಿಬೇವು, ಒಂದು ಹೊಂಗೆಯ ಸಸಿ—ಇಷ್ಟನ್ನು ನೆಟ್ಟೆವು. ತುಳಸಿಯಂತೂ ಸರಿಯೇ ಸರಿ.

ಗಿಡ ಬಂದಮೇಲೆ ಕಸ ನಿಂತಿತು. ಇದು ನಮ್ಮ ಅನುಭವದ ಮಾತು. ಬೋಳು ನೆಲದ ಮೇಲೆ ಚೀಲವನ್ನೆಸೆಯಲು ಹಿಂಜರಿಯದ ಕೈ, ಹೂವಿನ ಗಿಡದ ಮೇಲೆ ಎಸೆಯಲು ಹಿಂಜರಿಯುತ್ತದೆ. ಮೂರು ಮಳೆಗಾಲ ಕಳೆಯುವುದರೊಳಗೆ ಹೊಂಗೆ ನಮ್ಮ ತಲೆಯನ್ನು ಮೀರಿತು. ದಾರಿಯಲ್ಲಿ ಹೋಗುವವರು ನಿಂತು ನೋಡುವರು, ಗುರುತಿಲ್ಲದವರು ಸಹ “ಕರಿಬೇವು ನಾಲ್ಕೆಲೆ ಕಿತ್ತುಕೊಳ್ಳಲೇ ಸ್ವಾಮಿ?” ಎಂದು ಕೇಳುವರು. ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಳಗಿನ ಕುಂಡಗಳಲ್ಲಿ ಬೆಳೆದ ಗಿಡವನ್ನು ಕಂಡು ಇಂಥ ಸಂತೋಷ ನಮಗೆಂದೂ ಆಗಿರಲಿಲ್ಲ. ಪರರು ಮೆಚ್ಚಿದ ತೋಟವೇ ತೋಟ.

ಆದರೆ ಮೆಚ್ಚುವವರೆಲ್ಲರೂ ಕೇಳಿ ಕೀಳುವವರಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮುಂಜಾನೆ ವಾಯುವಿಹಾರಕ್ಕೆ ಹೊರಡುವವರಲ್ಲಿ ಕೆಲವರ ಕೈಯಲ್ಲಿ ಒಂದು ಚೀಲವೂ ಇರುವುದನ್ನು ವಾಚಕರು ಕಂಡಿರಬಹುದು. ಇನ್ನೂ ಮಬ್ಬುಗತ್ತಲೆ ಇರುವಾಗಲೇ ಅವರು ಬೇರೆಯವರ ಗಿಡದ ಹೂವನ್ನು ಕಿತ್ತು ತಮ್ಮ ದೇವರಿಗೆ ಏರಿಸುವರು. ಪುಣ್ಯ ಯಾರ ಲೆಕ್ಕಕ್ಕೆ ಸೇರುವುದೋ ನಾವರಿಯೆವು. ನಮ್ಮ ಮನೆಯವರು ಹಿಂದಿನ ಸಂಜೆ ಮೊಗ್ಗುಗಳನ್ನೆಣಿಸಿಟ್ಟು, ಬೆಳಿಗ್ಗೆ ಎದ್ದು ನೋಡಿದರೆ ಬರಿಯ ತೊಟ್ಟುಗಳು. ಒಂದು ದಿನ ದಾಸವಾಳದ ಕೊಂಬೆಯೇ ಮುರಿದಿತ್ತು. ಅಂದು ನಾವು ಬೇಲಿ ಹಾಕುವ ನಿರ್ಧಾರ ಮಾಡಿದೆವು.

ಈ ಬೇಲಿಯ ಚರಿತ್ರೆಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮೊದಲು ಕಟ್ಟಿದ್ದು ಬರಿಯ ಹುರಿ. ಹುರಿಯನ್ನು ಯಾರೂ ಲೆಕ್ಕಿಸಲಿಲ್ಲವೆಂದು ಬಿದಿರಿನ ದಬ್ಬೆ ಬಂದಿತು. ದಬ್ಬೆಯನ್ನು ದನಗಳು ಮುರಿದುವೆಂದು ಕಬ್ಬಿಣದ ಜಾಲರಿ ಬಂದಿತು. ಜಾಲರಿಗೆ ಕಂಬ ಬೇಕು. ಕಂಬವನ್ನು ಮಣ್ಣಿನಲ್ಲಿ ನಿಲ್ಲಿಸಿದರೆ ಬೇರುಗಳಿಗೆ ತೊಂದರೆಯೆಂದು ಅದನ್ನು ಚಪ್ಪಡಿಯ ಸಂದಿನಲ್ಲಿ, ಒಂದಡಿ ಈಚೆಗೆ ನಿಲ್ಲಿಸಿದೆವು. ಬೇಲಿ ಅಲ್ಲಿಗೆ ಬಂದಮೇಲೆ ಒಳಗೆ ಸ್ವಲ್ಪ ಸ್ಥಳ ಉಳಿಯಿತಷ್ಟೆ. ಅದನ್ನು ಬರಿದೆ ಬಿಡುವುದೇಕೆಂದು ಕುಂಡಗಳನ್ನಿಟ್ಟೆವು. ಗೋಡೆಯ ಕಡೆಯಿಂದಲೂ ಒಂದು ಸಾಲು ಕುಂಡ ಇಟ್ಟರೆ ಎರಡು ಕಡೆಯೂ ಹಸುರಾಗಿ ದಾರಿಗೆ ಶೋಭೆ ಬರುವುದೆಂದು ತೋರಿತು, ಅದನ್ನೂ ಇಟ್ಟೆವು. ನೀರು ಹಾಕುವಾಗ ಬಗ್ಗಲು ಅನುಕೂಲವಾಗಲೆಂದು ಜಾಲರಿಯನ್ನು ಮತ್ತೆ ಅರ್ಧ ಅಡಿ ಸರಿಸಿದೆವು. ಯಾವ ಒಂದು ದಿನವೂ ನಾವು ಬೀದಿಯನ್ನು ಕಬಳಿಸಿದೆವೆಂದು ನಮಗೆ ಅನ್ನಿಸಲಿಲ್ಲ. ಪ್ರತಿಯೊಂದು ಹೆಜ್ಜೆಗೂ ಒಂದು ಕಾರಣವಿತ್ತು. ಏಳೆಂಟು ವರ್ಷಗಳಲ್ಲಿ ಆರು ಅಡಿಯ ದಾರಿ ಎರಡೂವರೆ ಅಡಿಯಾಗಿ ನಿಂತಿತ್ತು.

2024ರ ಮಳೆಗಾಲದಲ್ಲಿ ಸಂಬಂಧಪಟ್ಟ ಕಚೇರಿಯಿಂದ ಒಬ್ಬರು ಬಂದು, ಕಾಲುದಾರಿಯನ್ನು ಒತ್ತುವರಿ ಮಾಡಲಾಗಿದೆಯೆಂದು ದೂರು ಬಂದಿರುವುದಾಗಿಯೂ, ಹದಿನೈದು ದಿನಗಳೊಳಗೆ ನಾವೇ ತೆರವು ಮಾಡದಿದ್ದರೆ ತಾವು ತೆರವು ಮಾಡಿಸುವುದಾಗಿಯೂ ತಿಳಿಸಿ ಒಂದು ನೋಟೀಸನ್ನು ಕೊಟ್ಟು ಹೋದರು. ಮನುಷ್ಯರು ಸಭ್ಯರು, ಹೋಗುವಾಗ “ತೋಟ ಚೆನ್ನಾಗಿದೆ ಸಾರ್, ಏನು ಮಾಡೋದು” ಎಂದರು. ನಮಗೆ ಕೋಪ ಬಂದಿತು. ಬೀದಿಯ ಆ ಕೊನೆಯಲ್ಲಿ ಕಾಲುದಾರಿಯ ಮೇಲೆಯೇ ಕಾರುಗಳು ಮಲಗಿವೆ. ಈ ಕೊನೆಯಲ್ಲಿ ಮನೆ ಕಟ್ಟುವವರ ಜಲ್ಲಿ ಮರಳು ಮೂರು ತಿಂಗಳಿಂದ ರಾಶಿ ಬಿದ್ದಿದೆ. ಎಲ್ಲವನ್ನೂ ಬಿಟ್ಟು ಹೂವಿನ ಗಿಡವೇ ಕಣ್ಣಿಗೆ ಬಿದ್ದಿತೆ? ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ನೆರೆಯವನ ತಪ್ಪು ನಮ್ಮ ತಪ್ಪಿಗೆ ರಸೀತಿಯಾಗಲಾರದೆಂಬುದು ಕೋಪದಲ್ಲಿರುವವನಿಗೆ ಹೊಳೆಯುವುದಿಲ್ಲ.

ನಾವು ಬೀದಿಯವರೆಲ್ಲರ ರುಜು ಹಾಕಿಸಿ ಒಂದು ಮನವಿಯನ್ನು ಸಲ್ಲಿಸಲು ನಿಶ್ಚಯಿಸಿದೆವು. ಬರೆಯುವ ಚಪಲ ನಮಗೆ ಮೊದಲಿಂದಲೂ ಉಂಟು. ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಅಣ್ಣನ ಮಗ ದೇಶವಿದೇಶಗಳ ಸಂಗತಿಗಳನ್ನು ಹುಡುಕಿಕೊಟ್ಟ. ಮನವಿ ನಾಲ್ಕು ಪುಟವಾಯಿತು. ಅಶೋಕ ಚಕ್ರವರ್ತಿಯು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದನ್ನು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿರುವುದರಿಂದ ಅದು ಆರಂಭವಾಯಿತು. ಹುಲಿಕಲ್ಲಿಗೂ ಕುದೂರಿಗೂ ನಡುವಣ ರಸ್ತೆಗೆ ಆಲದ ಸಸಿಗಳನ್ನು ನೆಟ್ಟು, ದೂರದಿಂದ ನೀರು ಹೊತ್ತು ಮಕ್ಕಳಂತೆ ಸಾಕಿ, 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕನವರ ಉದಾಹರಣೆ ಎರಡನೆಯದು. ಮೂರನೆಯದು ಅಮೆರಿಕದ ಲಾಸ್ ಏಂಜಲೀಸ್ ನಗರದ್ದು. ಅಲ್ಲಿ ರಾನ್ ಫಿನ್ಲೆ ಎಂಬವರು, ತಾಜಾ ಹಣ್ಣು ತರಕಾರಿಗಳಿಗೆ ಬಹುದೂರ ಹೋಗಬೇಕಾಗಿದ್ದ ತಮ್ಮ ಬಡಾವಣೆಯಲ್ಲಿ, 2010ರಲ್ಲಿ ಮನೆಯ ಮುಂದಿನ ಬೀದಿಯಂಚಿನಲ್ಲಿ ಸುಮಾರು ನೂರೈವತ್ತು ಅಡಿ ಉದ್ದ ಹತ್ತಡಿ ಅಗಲದ ಪಟ್ಟಿಯಲ್ಲಿ ತರಕಾರಿ ಬೆಳೆದರು. ಪರವಾನಗಿಯಿಲ್ಲವೆಂದು ನಗರದವರು ಅದನ್ನು ಕೀಳಿಸಲು ಹೊರಟರು. ಜನ ರುಜು ಹಾಕಿ ಮನವಿ ಕೊಟ್ಟರು, ಪತ್ರಿಕೆಗಳು ಬರೆದುವು, ನಗರದವರು ಹಿಂದೆಗೆದರು. 2013ರಲ್ಲಿ ಫಿನ್ಲೆ ಮಾಡಿದ ಒಂದು ಭಾಷಣದಿಂದ ಅವರ ಹೆಸರು ಲೋಕಪ್ರಸಿದ್ಧವಾಯಿತು. 2015ರಲ್ಲಿ ನಗರಸಭೆಯೇ ನಿಯಮವನ್ನು ತಿದ್ದಿ, ಬೀದಿಯಂಚಿನಲ್ಲಿ ತರಕಾರಿ ಬೆಳೆಯಲು ಪ್ರತ್ಯೇಕ ಪರವಾನಗಿ ಬೇಡವೆಂದಿತು. ಲಾಸ್ ಏಂಜಲೀಸಿಗೆ ಒಪ್ಪಿದ್ದು ಬೆಂಗಳೂರಿಗೆ ಒಪ್ಪದೆ? ಎಂಬ ಪ್ರಶ್ನೆಯೊಂದಿಗೆ ಮನವಿ ಮುಗಿಯಿತು. ನಮಗೇ ನಮ್ಮ ಬರವಣಿಗೆ ಬಹಳ ಹಿಡಿಸಿತು.

ಹನ್ನೊಂದು ಮನೆಗಳಲ್ಲಿ ರುಜುಗಳಾದುವು. ಹನ್ನೆರಡನೆಯದು ಮೂಲೆಮನೆ. ಅಲ್ಲಿ ಎಂಬತ್ತು ದಾಟಿದ ಒಬ್ಬ ವೃದ್ಧೆ, ಮಗಳು ಮೊಮ್ಮಗನೊಂದಿಗೆ ವಾಸವಾಗಿದ್ದಾರೆ. ಕೋಲೂರಿಕೊಂಡು ದಿನವೂ ಸಂಜೆ ದೇವಸ್ಥಾನಕ್ಕೆ ಹೋಗಿಬರುವುದು ಅವರ ವ್ರತ. ತಿಂಗಳ ಹಿಂದೆ ಅವರು ಬೀದಿಯಲ್ಲಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಿದ್ದರು. ಸಂಗತಿ ನಮಗೆ ಗೊತ್ತಿತ್ತು. ಹಣ್ಣು ತೆಗೆದುಕೊಂಡು ಹೋಗಿ ನೋಡಿಬಂದಿದ್ದೆವು ಕೂಡ. ಎಲ್ಲಿ ಬಿದ್ದರೆಂದು ಮಾತ್ರ ಕೇಳಿರಲಿಲ್ಲ.

“ಬಾರಪ್ಪ, ಕೂತುಕೊ. ಏನದು ಕಾಗದ? ಕನ್ನಡಕ ಎಲ್ಲಿಟ್ಟೆನೋ, ನೀನೇ ಓದಿಬಿಡು” ಎಂದರು.

ನಾವು ಓದಿದೆವು. ಅಶೋಕನಿಂದ ಹಿಡಿದು ಲಾಸ್ ಏಂಜಲೀಸಿನವರೆಗೆ ಒಂದು ಪದವನ್ನೂ ಬಿಡದೆ ಓದಿದೆವು. ಅವರು ಕಣ್ಣುಮುಚ್ಚಿ ಪುರಾಣ ಕೇಳುವಂತೆ ಕೇಳಿದರು.

“ಚೆನ್ನಾಗಿ ಬರೆದಿದ್ದೀಯಪ್ಪ. ಆ ಅಶೋಕ ಮರ ನೆಡಿಸಿದ್ದು ಯಾತಕ್ಕೆ ಅಂದೆ?”

“ದಾರಿ ನಡೆಯುವವರಿಗೆ ನೆರಳಾಗಲಿ ಎಂದು, ಅಮ್ಮಾ.”

“ಹೌದಲ್ಲ, ನಡೆಯುವವರಿಗೆ” ಎಂದು ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪಟ್ಟಿ ಕಟ್ಟಿದ ಕೈಯನ್ನು ಮಡಿಲಿನಿಂದ ಮೇಲಕ್ಕೆತ್ತಿ, “ನಾನೂ ನಡೆಯುವವಳೇ ಕಣಪ್ಪ” ಎಂದರು.

ನಮಗೆ ಉತ್ತರ ತೋಚಲಿಲ್ಲ.

“ಕಚೇರಿಗೆ ಬರೆದವಳು ನಾನೇ. ಮೊಮ್ಮಗನ ಕೈಲಿ ಬರೆಸಿದೆ. ಅವತ್ತು ಮಳೆ ಬಂದು ನಿಂತಿತ್ತು. ನಿಮ್ಮ ಬೇಲಿಯ ಹತ್ತಿರ ಎದುರಿನಿಂದ ಯಾರೋ ಬಂದರು, ಇಬ್ಬರಿಗೆ ಜಾಗವಿಲ್ಲ. ನಾನು ರಸ್ತೆಗೆ ಇಳಿದೆ. ಹಿಂದಿನಿಂದ ಸ್ಕೂಟರು ಬಂದಿತು. ಹುಡುಗ ಪಾಪ, ತಗುಲಿಸಲಿಲ್ಲ; ನಾನೇ ಹೆದರಿ ಬಿದ್ದೆ. ನಿನಗೆ ಹೇಳೋಣವೆಂದು ಆಮೇಲೆ ಎರಡು ಸಾರಿ ನಿಮ್ಮ ಗೇಟಿನವರೆಗೂ ಬಂದಿದ್ದೆ. ಎರಡು ಸಾರಿಯೂ ನೀನು ಯಾರಿಗೋ ತೋಟ ತೋರಿಸುತ್ತಿದ್ದೆ. ಅಷ್ಟು ಸಂತೋಷವಾಗಿ ಮಾತನಾಡುತ್ತಿದ್ದವನನ್ನು ಕರೆದು ಏನು ಹೇಳಲಿ? ತಿರುಗಿ ಬಂದುಬಿಟ್ಟೆ.” ಹೀಗೆ ಹೇಳಿ ಅವರು ಮಗಳನ್ನು ಕೂಗಿ, “ಕಾಫಿ ತಾರೇ” ಎಂದರು. ಆಮೇಲೆ, “ರುಜು ಬೇಕಾದರೆ ಹಾಕುತ್ತೇನಪ್ಪ, ನಿನ್ನ ಮನಸ್ಸು ನೋಯಿಸುವುದಿಲ್ಲ. ನಾನು ಎಲ್ಲಿ ನಡೆಯಬೇಕು ಅನ್ನುವುದನ್ನು ಮಾತ್ರ ಆ ಕಾಗದದಲ್ಲಿ ಒಂದು ಸಾಲು ಬರೆದುಬಿಡು” ಎಂದರು.

ಕಾಫಿ ಕುಡಿದು, ರುಜು ಕೇಳದೆ, ಮನೆಗೆ ಬಂದೆವು. ಅಂದು ರಾತ್ರಿ ನಮ್ಮ ಮನವಿಯನ್ನು ನಾವೇ ಮತ್ತೆ ಓದಿದೆವು. ಹಗಲು ನಮ್ಮ ಪರವಾಗಿ ಸಾಕ್ಷಿ ನುಡಿದಿದ್ದವರೆಲ್ಲರೂ ರಾತ್ರಿ ಎದುರುಪಕ್ಷಕ್ಕೆ ಸೇರಿದ್ದರು. ಅಶೋಕನ ಮರ ನಡೆಯುವವರಿಗಾಗಿ. ತಿಮ್ಮಕ್ಕನವರೂ ಸಸಿಗಳಿಗೆ ಮುಳ್ಳಿನ ಬೇಲಿ ಕಟ್ಟಿದ್ದುಂಟು. ಆದರೆ ಅದು ದನಗಳ ಬಾಯಿಂದ ಸಸಿಯನ್ನು ಕಾಯುವುದಕ್ಕೆ. ಮರ ಬೆಳೆದ ಮೇಲೆ ನೆರಳು ದಾರಿಹೋಕರದು. ಲಾಸ್ ಏಂಜಲೀಸಿನ ಸಂಗತಿಯಲ್ಲಿಯೂ ನಾವು ಒಂದು ಮುಖ್ಯಾಂಶವನ್ನು ಗಮನಿಸಿರಲಿಲ್ಲ. ಅಲ್ಲಿ ತರಕಾರಿ ಬೆಳೆದ ಪಟ್ಟಿ ಕಾಲುದಾರಿಗೂ ರಸ್ತೆಗೂ ನಡುವಣದು. ನಡೆಯುವವರ ದಾರಿ ಅದರ ಪಕ್ಕದಲ್ಲಿ ಬೇರೆಯಾಗಿಯೇ ಇತ್ತು. ಫಿನ್ಲೆಯವರಿಗೂ ನಗರಕ್ಕೂ ನಡೆದ ಜಗಳ ಗಿಡದ ವಿಷಯವಾಗಿ. ನಮಗೂ ಮೂಲೆಮನೆಯ ಅಮ್ಮನವರಿಗೂ ಇದ್ದ ಜಗಳ ಗಿಡದ ವಿಷಯವಾಗಿ ಅಲ್ಲವೇ ಅಲ್ಲ, ಬೇಲಿಯ ವಿಷಯವಾಗಿ. ನಾವು ಮೊದಲು ನೆಟ್ಟ ಮೂರಡಿಯ ಮಣ್ಣಿನ ಪಟ್ಟಿಯ ಮೇಲೆ ಯಾರೂ ದೂರು ಕೊಟ್ಟಿರಲಿಲ್ಲ.

ಅಣ್ಣನ ಮಗ ಹುಡುಕಿಕೊಟ್ಟಿದ್ದ ಸಂಗತಿಗಳಲ್ಲಿ ನಮಗೆ ಅನುಕೂಲವಿಲ್ಲವೆಂದು ಕೈಬಿಟ್ಟವೂ ಇದ್ದುವು. ಈಗ ಅವನ್ನೂ ಓದಿದೆವು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಬುಡೆರಿಮ್ ಎಂಬ ಊರಿದೆ. ಅಲ್ಲಿ 2009ರಿಂದ ಕೆಲವು ಬೀದಿಗಳ ಮನೆಯವರು ಒಟ್ಟಾಗಿ ಬೀದಿಯಂಚಿನ ಹುಲ್ಲುನೆಲದಲ್ಲಿ ಹಣ್ಣು ತರಕಾರಿ ಬೆಳೆದು ಹಂಚಿಕೊಳ್ಳುತ್ತಿದ್ದರು. ಬೀದಿಗೆ ಬೀದಿಯೇ ಒಂದು ಮನೆಯಂತಾಗಿದೆಯೆಂದು ದೂರದೂರದ ಜನ ನೋಡಲು ಬರುತ್ತಿದ್ದರು. ಆದರೆ ಗಿಡ ನೆಡಲು ಅನುಮತಿ ಪಡೆಯಬೇಕು, ಯಾರಾದರೂ ಎಡವಿ ಬಿದ್ದರೆ ಪರಿಹಾರಕ್ಕೆ ವಿಮೆ ಇರಬೇಕು ಎಂದು ಅಲ್ಲಿನ ಸ್ಥಳೀಯ ಆಡಳಿತ ಹೇಳಿತು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. 2017ರ ಮೇ ತಿಂಗಳಲ್ಲಿ ಅನುಮತಿಯಿಲ್ಲದ ಹಣ್ಣಿನ ಮರಗಳನ್ನು ಯಂತ್ರ ತಂದು ಕಡಿದುಹಾಕಿದರು. ಅದನ್ನೋದಿ ನಮ್ಮ ಹೊಟ್ಟೆಯಲ್ಲಿ ಸಂಕಟವಾಯಿತು. ಫಲ ಬಿಡುವ ಮರವನ್ನು ಕಡಿಯುವುದು ಎಲ್ಲಿಯೂ ಒಳ್ಳೆಯ ಕೆಲಸವೆನಿಸದು. ಆದರೂ, ಬಿದ್ದವರಿಗೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ಆ ಊರಿನ ಅಧಿಕಾರಿಗಳು ಕೇಳಿದ್ದು ತಪ್ಪೆಂದು ಹೇಳಲು ಆ ರಾತ್ರಿ ನಮಗೆ ಬಾಯಿ ಬರಲಿಲ್ಲ.

ಪ್ಯಾರಿಸ್ ನಗರದವರು ಇನ್ನೊಂದು ದಾರಿ ಹಿಡಿದರು. 2015ರಲ್ಲಿ ಅವರು, ಬೇಕಾದವರು ಅರ್ಜಿ ಹಾಕಿ ಬೀದಿಯಲ್ಲಿ ಒಂದು ಮರದ ಬುಡವನ್ನೋ ಒಂದು ತುಂಡು ನೆಲವನ್ನೋ ಮೂರು ವರ್ಷಗಳ ಕಾಲ ಬೆಳೆಸಬಹುದೆಂದು ಅನುಮತಿ ಪತ್ರಗಳನ್ನು ಕೊಡತೊಡಗಿದರು. ನೀರು ಹಾಕುವ ಹೊಣೆ ಪಡೆದವರದು, ವಿಷದ ಔಷಧಿ ಸಿಂಪಡಿಸಕೂಡದು, ನಡೆಯುವವರಿಗೆ ಅಡ್ಡಿಯಾಗಕೂಡದು. ಉತ್ಸಾಹದಿಂದ ಪಡೆದವರಲ್ಲಿ ಅನೇಕರು ಆಮೇಲೆ ನೀರು ಹಾಕದೆ ಬಿಟ್ಟು, ಆ ತುಂಡುಗಳು ಕಸದ ತಾಣವಾದುವೆಂಬ ದೂರೂ ಅಲ್ಲಿ ಎದ್ದಿತು. ನೆಡುವ ಉತ್ಸಾಹ ಒಂದು ಭಾನುವಾರದ್ದು. ನೀರು ಹಾಕುವ ಕಷ್ಟ ವರ್ಷದ ಮುನ್ನೂರರವತ್ತೈದು ದಿನಗಳದ್ದು. ಇದು ಪ್ಯಾರಿಸಿಗೂ ಒಂದೇ, ಬೆಂಗಳೂರಿಗೂ ಒಂದೇ.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ಕಾಲುದಾರಿಗಳು ಸಾರ್ವಜನಿಕರ ಅನುಕೂಲಕ್ಕಾಗಿ ಇರುವ ಸ್ವತ್ತೆಂದೂ, ಖಾಸಗಿಯವರ ಉಪಯೋಗಕ್ಕಲ್ಲವೆಂದೂ 1985ರಲ್ಲಿಯೇ ಸುಪ್ರೀಮ್ ಕೋರ್ಟು ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಮೊಕದ್ದಮೆಯಲ್ಲಿ ಹೇಳಿತ್ತು. 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು, ಅಡ್ಡಿಯಿಲ್ಲದ ಕಾಲುದಾರಿಯು ಸಂವಿಧಾನದ 21ನೆಯ ಅನುಚ್ಛೇದವು ಕೊಡುವ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದು ಸಾರಿತು. ರಸ್ತೆ ನಿರ್ಮಿಸುವವರಿಗಾಗಿ ಭಾರತೀಯ ರಸ್ತೆ ಮಂಡಲಿಯು 2012ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ, ನಡೆಯುವುದಕ್ಕೆ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕೆಂದೂ, ತಲೆಯ ಮೇಲೆ 2.2 ಮೀಟರ್ ತೆರಪಿರಬೇಕೆಂದೂ ಹೇಳಿದೆ. ಅಡಿಯ ಲೆಕ್ಕದಲ್ಲಿ 1.8 ಮೀಟರೆಂದರೆ ಹತ್ತಿರ ಹತ್ತಿರ ಆರು ಅಡಿ. ಅಂದರೆ ನಮ್ಮ ಚಪ್ಪಡಿಯ ದಾರಿ ಪೂರ್ತಿಯಾಗಿ ಬಿಟ್ಟರೆ ಮಾತ್ರ ಅದು ಕನಿಷ್ಠಕ್ಕೆ ಸರಿಹೋಗುವುದು. ಒಂದು ಕುಂಡವನ್ನಿಟ್ಟರೂ ಕೊರತೆಯೇ. ಇಬ್ಬರು ಎದುರುಬದುರು ಬಂದರೆ, ಅವರಲ್ಲೊಬ್ಬರು ಗಾಲಿಕುರ್ಚಿಯಲ್ಲಿದ್ದರೆ, ಯಾರೂ ರಸ್ತೆಗಿಳಿಯದೆ ಹಾದುಹೋಗಬೇಕೆಂಬುದೇ ಆ ಅಳತೆಯ ಅರ್ಥ.

ಮರುದಿನ ಬೆಳಿಗ್ಗೆ ನಾವೇ ಇಕ್ಕಳ ಹಿಡಿದು ಜಾಲರಿಯನ್ನು ಬಿಚ್ಚಿದೆವು. ಕಂಬಗಳು ಬಿಗಿಯಾಗಿ ಕೂತಿದ್ದುವು; ಒಂದನ್ನು ಕೀಳುವಾಗ ಚಪ್ಪಡಿ ಒಡೆಯಿತು, ಅದನ್ನು ನಮ್ಮ ಖರ್ಚಿನಲ್ಲಿ ಹಾಕಿಸಿದೆವು. ಕುಂಡಗಳು ಮಹಡಿಗೆ ಹೋದುವು. ಚಪ್ಪಡಿಯ ಸಂದಿಗೆ ಬೇರಿಳಿಸಿದ್ದ ಕರಿಬೇವನ್ನು ಕಿತ್ತು ಒಳಗೆ ನೆಟ್ಟೆವು, ಅದು ಬದುಕಲಿಲ್ಲ. ಹತ್ತು ವರ್ಷದ ಗಿಡ, ಅರ್ಧ ಬೀದಿಯ ಒಗ್ಗರಣೆಗೆ ಎಲೆ ಕೊಟ್ಟದ್ದು. ನಮ್ಮ ಮನೆಯವರು ಎರಡು ದಿನ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ. “ಬೇಲಿ ತೆಗೆಯಿರಿ ಅಂದರು, ಗಿಡ ಕೊಲ್ಲಿರಿ ಅಂದರೇ?” ಎಂದು ಅವರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೊದಲೇ ಆ ಗಿಡವನ್ನು ಮಣ್ಣಿನ ಪಟ್ಟಿಯ ನಡುವೆ ನೆಟ್ಟಿದ್ದರೆ ಇಂದೂ ಇರುತ್ತಿತ್ತು. ಹೊಂಗೆ ಮಾತ್ರ ನಿಂತಿದೆ. ಅದು ಈಗ ನಮ್ಮದಲ್ಲ, ಬೀದಿಯದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಅದನ್ನು ನೆಟ್ಟ ನಾವೂ ಕಡಿಯುವಂತಿಲ್ಲ. ಇದು ನಮಗೆ ಒಂದು ಬಗೆಯ ಸಮಾಧಾನ.

ಹದಿನೈದನೆಯ ದಿನ ಕಚೇರಿಯವರು ಬಂದು ನೋಡಿದರು. ಮಣ್ಣಿನ ಪಟ್ಟಿಯಲ್ಲಿ ಉಳಿದ ಗಿಡಗಳನ್ನು ಇಟ್ಟುಕೊಳ್ಳಬಹುದೇ ಎಂದು ಒಂದು ಪುಟದ ಅರ್ಜಿ ಕೊಟ್ಟೆವು. ಅಶೋಕನನ್ನು ಈ ಸಲ ಎಳೆದು ತರಲಿಲ್ಲ. ಕೊಳವೆಗಾಗಿಯೋ ತಂತಿಗಾಗಿಯೋ ಅಗೆಯಬೇಕಾದಾಗ ತಕರಾರು ಮಾಡಕೂಡದೆಂಬ ಮಾತಿನ ಮೇಲೆ ಅವರು ಒಪ್ಪಿದರು.

ಈ ಅನುಭವದಿಂದ ನಮಗೆ ತಿಳಿದುಬಂದ ನಾಲ್ಕು ಮಾತುಗಳನ್ನು ಗೃಹಸ್ಥರ ಮುಂದಿಡುತ್ತೇವೆ. ಬೀದಿಯಂಚಿಗೆ ಗಿಡ ನೆಡುವ ಮೊದಲು ಅಳತೆಯ ಟೇಪು ಹಿಡಿಯಿರಿ. ನಡೆಯುವವರಿಗೆ ಆರು ಅಡಿ ಬಿಟ್ಟು, ಮಿಕ್ಕದ್ದರಲ್ಲಿ ಮಾತ್ರ ಗುದ್ದಲಿ ಹಾಕಿರಿ. ಮಿಗದಿದ್ದರೆ ಮಹಡಿಯ ಕುಂಡವೇ ಸಾಕು. ಮುಳ್ಳಿನ ಗಿಡವೂ, ದಾರಿಗೆ ಒರಗುವ ಬಳ್ಳಿಯೂ ಬೇಡ; ತಿರುವಿನ ಹತ್ತಿರವಂತೂ ಗಾಡಿಯವರ ಕಣ್ಣಿಗೆ ಮರೆಯಾಗದಂತೆ ಮೊಣಕಾಲಿನಷ್ಟು ಎತ್ತರದ ಗಿಡಗಳೇ ಇರಲಿ. ಗಾಡಿಯಿಂದ ಇಳಿದವರು ಚಪ್ಪಡಿಗೆ ಹತ್ತಲು ನಡುನಡುವೆ ಸಂದು ಬಿಡಿರಿ. ಚರಂಡಿಯ ಮುಚ್ಚಳವನ್ನು ಮುಚ್ಚಬೇಡಿರಿ. ಮುಚ್ಚಿದರೆ ಮೊದಲ ದೊಡ್ಡ ಮಳೆಗೆ ನೀರು ನಿಮ್ಮ ಮನೆಗೇ ನುಗ್ಗುವುದು. ಮರದ ಬುಡಕ್ಕೆ ಸಿಮೆಂಟು ಬಳಿಯಬೇಡಿರಿ. ಬುಡದ ಸುತ್ತ ಒಂದು ಮೀಟರಿನ ಒಳಗಿರುವ ಕಾಂಕ್ರೀಟನ್ನು ತೆಗೆಯಬೇಕೆಂದು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿ ದೆಹಲಿಯವರಿಗೆ ಆಜ್ಞೆ ಮಾಡಿದ್ದು ಎಲ್ಲ ಊರಿಗೂ ಒಪ್ಪುವ ಮಾತು. ಕೊನೆಯದಾಗಿ, ಬೀದಿಯಲ್ಲಿ ನೆಟ್ಟ ಗಿಡದ ಹೂವು ಬೀದಿಯದೆಂದು ಮೊದಲೇ ಮನಸ್ಸನ್ನು ಗಟ್ಟಿಮಾಡಿಕೊಳ್ಳಿರಿ. ಅದು ಆಗದಿದ್ದರೆ ಬೀದಿಯಲ್ಲಿ ನೆಡಲೇಬೇಡಿರಿ; ಏಕೆಂದರೆ ಬೇಲಿ ಹುಟ್ಟುವುದು ಮೊದಲು ಮನಸ್ಸಿನಲ್ಲಿ, ಚಪ್ಪಡಿಯ ಮೇಲೆ ಅಲ್ಲ.

ಹೂವಿನ ಚೀಲದವರು ಈಗಲೂ ಬರುತ್ತಾರೆ. ಪಟ್ಟಿಯ ಒಂದು ಕೊನೆಯಲ್ಲಿ ಮತ್ತೆ ಆಗಾಗ ಕಸದ ಗಂಟು ಕಾಣಿಸಿಕೊಳ್ಳುತ್ತದೆ, ತೆಗೆದುಹಾಕುತ್ತೇವೆ. ನಮ್ಮ ಮನೆಯವರು ಸಂಜೆ ಮೊಗ್ಗುಗಳನ್ನೆಣಿಸುವ ಅಭ್ಯಾಸವನ್ನು ಬಿಟ್ಟಿಲ್ಲ; ಬೆಳಿಗ್ಗೆ ಲೆಕ್ಕ ತಪ್ಪಿದಾಗ ಗೊಣಗುವುದನ್ನೂ ಬಿಟ್ಟಿಲ್ಲ. ಮೂಲೆಮನೆಯ ಅಮ್ಮನವರ ಕೈ ವಾಸಿಯಾಗಿದೆ. ಸಂಜೆ ದೇವಸ್ಥಾನಕ್ಕೆ ಹೋಗುವಾಗ ಚಪ್ಪಡಿಯ ನಡುವೆಯೇ ಕೋಲೂರಿಕೊಂಡು ಬರುತ್ತಾರೆ. ನಂದಿಬಟ್ಟಲಿನ ಹತ್ತಿರ ನಿಂತು, “ಎರಡು ಕೀಳಲೇ?” ಎಂದು ಗೇಟಿನ ಕಡೆ ನೋಡಿ ಕೇಳುತ್ತಾರೆ. ಕೇಳಬೇಕಾದ್ದಿಲ್ಲವೆಂದು ಎಷ್ಟು ಸಾರಿ ಹೇಳಿದರೂ ಕೇಳಿಯೇ ಕೀಳುತ್ತಾರೆ. ಅವರು ಬರುವ ಹೊತ್ತಿಗೆ ನಮ್ಮ ಮನೆಯವರು ಗೇಟಿನ ಬಳಿಯೇ ಇರುತ್ತಾರೆ.